ಪ್ರೀತಿಯೇ ಅಳತೆಗೋಲು ಅಂದಮೇಲೆ ಆತ್ಮಪರೀಕ್ಷೆಯ ಹಾಳೆ ಹೇಗಿರಬೇಕು?

ಗುರ್ಕಾರ್_ಸಾಗರ
ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮೊದಲು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಎಲ್ಲ ಮನೆಗಳಿಗೂ, ಪಾಪನಿವೇದನೆಗೆ ಮುಂಚೆ ತಮ್ಮನ್ನು ತಾವೇ ನೋಡಿಕೊಳ್ಳುವ ಆತ್ಮಪರೀಕ್ಷೆಯ ಹಾಳೆ ಹಂಚಬೇಕಿದೆ. ಹಳೆಯ ಹಾಳೆಯಲ್ಲಿ ಭಾನುವಾರದ ಬಲಿಪೂಜೆ ತಪ್ಪಿಸಿದೆನಾ, ಶುಕ್ರವಾರ ಮಾಂಸ ತಿಂದೆನಾ, ಜಪಸರ ಬಿಟ್ಟೆನಾ, ಸುಳ್ಳು ಹೇಳಿದೆನಾ ಅಂತ ಎರಡು ಪುಟ ಪ್ರಶ್ನೆಗಳಿವೆ. ಅವು ಬೇಡ ಅಂತ ಹೇಳುತ್ತಿಲ್ಲ. ಆದರೆ ಅಷ್ಟಕ್ಕೂ ಸರಿಯಾಗಿ ಉತ್ತರ ಬರೆದವರ ಪಕ್ಕದ ಮನೆಯಲ್ಲೇ ಒಬ್ಬ ಅಜ್ಜಿ ಮಾತ್ರೆ ಮುಗಿದು ಮಲಗಿದ್ದರೆ ಆ ಹಾಳೆಗೆ ಅದು ತಿಳಿಯುವುದೇ ಇಲ್ಲ. ಕೊನೆಯ ತೀರ್ಪಿನ ಬಗ್ಗೆ ಯೇಸುಸ್ವಾಮಿ ಹೇಳಿದ್ದರಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಈ ಸಲ ಪ್ರೀತಿಯನ್ನೇ ನಡುವೆ ಇಟ್ಟು ಒಂದೇ ಪುಟದ ಹಾಳೆ ಮಾಡೋಣ ಅಂತ. ಹತ್ತು ಪ್ರಶ್ನೆ ಮೀರಬಾರದು. "ನಾನು ಎಲ್ಲರನ್ನೂ ಪ್ರೀತಿಸಿದೆನಾ?" ಅನ್ನುವಂಥ ಪ್ರಶ್ನೆ ಬೇಡ, ಅದಕ್ಕೆ ಎಲ್ಲರೂ ಹೌದು ಅಂತಲೇ ಬರೆಯುತ್ತಾರೆ. ಏನು ಹಾಕಬೇಕು, ಎಲ್ಲಿ ಎಡವುತ್ತೇವೆ, ತಿಳಿದವರು ಹೇಳಿ. ಬೇರೆ ಸಭೆಯವರೂ ಬರೆಯಿರಿ.

ತುಂಗೆಯ_ದಂಡೆ
ಮತ್ತಾಯ 25ನೇ ಅಧ್ಯಾಯ, 31ರಿಂದ 46. ಮೊದಲು ಅದನ್ನು ನಿಧಾನ ಓದಬೇಕು. ಹೆಸರಿಟ್ಟು ಹೇಳಿರುವ ಕೆಲಸ ಆರು: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರಸ್ಥಳದವರಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವರ ಭೇಟಿ. ಸತ್ತವರನ್ನು ಮಣ್ಣು ಮಾಡುವುದು ಆಮೇಲೆ ತೋಬಿತನ ಗ್ರಂಥದಿಂದ ಬಂದು ಏಳನೆಯದಾಗಿ ಸೇರಿಕೊಂಡಿತು.

ಆ ತೀರ್ಪಿನಲ್ಲಿ ತಿರಸ್ಕಾರಕ್ಕೆ ಒಳಗಾಗಿ ಎಡಗಡೆ ನಿಂತವರ ಮೇಲೆ ಕಳ್ಳತನ, ಕೊಲೆ, ವ್ಯಭಿಚಾರದ ಆಪಾದನೆ ಒಂದೂ ಇಲ್ಲ. ಮಾಡದೆ ಬಿಟ್ಟದ್ದಕ್ಕೇ ಅವರಿಗೆ ತೀರ್ಪು. ನಮ್ಮ ಹಳೆಯ ಹಾಳೆಗಳು ಸೋಲುವುದು ಇಲ್ಲೇ: ಅವು ಮಾಡಿದ ತಪ್ಪನ್ನು ಹುಡುಕುತ್ತವೆ, ಬಿಟ್ಟುಹೋದ ಮನುಷ್ಯರನ್ನು ಹುಡುಕುವುದಿಲ್ಲ. ರೋಗಿಯನ್ನು ಗುಣಪಡಿಸಿದೆಯಾ, ಸೆರೆಯವನನ್ನು ಬಿಡಿಸಿದೆಯಾ ಅಂತಲೂ ಅಲ್ಲಿ ಕೇಳಿಲ್ಲ. ಹೋಗಿ ಕಂಡೆಯಾ ಅನ್ನುವುದಷ್ಟೇ ಪ್ರಶ್ನೆ. ಯಾರ ಕೈಯಲ್ಲೂ ಆಗದ್ದನ್ನು ಕೇಳಿಲ್ಲವಾದ್ದರಿಂದ ನೆಪ ಹೇಳಲು ಜಾಗವೂ ಉಳಿದಿಲ್ಲ.

ಹಾಳೆಯ ತಲೆಬರಹಕ್ಕೆ ಪ್ರೀತಿಯ ಅಧ್ಯಾಯವಾದ 1 ಕೊರಿಂಥ 13 ಹಾಕುವುದಾದರೆ ಅದರ ಹಿನ್ನೆಲೆಯನ್ನೂ ಒಂದು ಸಾಲಿನಲ್ಲಿ ತಿಳಿಸಿ. ಮದುವೆ ಪೂಜೆಯಲ್ಲಿ ಕೇಳಿ ಕೇಳಿ ಅದು ಗಂಡ ಹೆಂಡತಿಗೆ ಬರೆದ ಮಾತು ಅನ್ನಿಸಿಬಿಟ್ಟಿದೆ. ಪ್ರೇಷಿತ ಪೌಲ ಬರೆದದ್ದು ಕಚ್ಚಾಡುತ್ತಿದ್ದ ಕೊರಿಂಥದ ಸಭೆಗೆ. 6ನೇ ಅಧ್ಯಾಯದಲ್ಲಿ ಅವರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. 11ರಲ್ಲಿ ಪ್ರಭುವಿನ ಭೋಜನಕ್ಕೆ ಉಳ್ಳವರು ಮೊದಲೇ ಬಂದು ಉಂಡು ಕುಡಿದು, ಇಲ್ಲದವರನ್ನು ಹಸಿದು ಕೂರಿಸಿದ್ದಾರೆ. 12 ಮತ್ತು 14ರಲ್ಲಿ ದೇವರು ಕೊಟ್ಟ ವರಗಳಲ್ಲಿ ಯಾರದು ದೊಡ್ಡದು ಅನ್ನುವ ಪೈಪೋಟಿ. ಆ ಜಗಳದ ಮಧ್ಯೆಯೇ 13 ಬರುತ್ತದೆ. ಹಾಗಾಗಿ "ಪ್ರೀತಿ ಸಹನೆಯುಳ್ಳದ್ದು" ಅನ್ನುವ ಸಾಲನ್ನು ಪ್ರಶ್ನೆ ಮಾಡುವಾಗ "ಸಭೆಯ ಊಟದಲ್ಲಿ ಕೊನೆಯ ಪಂಕ್ತಿಗೆ ಉಳಿಯುವವರು ಯಾರು?" ಅಂತ ಕೇಳಿದರೆ ಪೌಲ ಹೇಳಿದ್ದಕ್ಕೆ ಹತ್ತಿರ ಬರುತ್ತೇವೆ.

ಹೊಸನಗರ_ಓದುಗ
ಅಳೆಯುವುದೇ ತಪ್ಪು ಅನ್ನಿಸುತ್ತದೆ. ಲೂಕ 18ರಲ್ಲಿ ಫರಿಸಾಯ, ಅಂದರೆ ನಿಯಮ ಚಾಚೂತಪ್ಪದೆ ಪಾಲಿಸುವ ಪಂಥದವನು, ದೇವಾಲಯದಲ್ಲಿ ನಿಂತು ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತನೇ ಒಂದು ಪಾಲು ಅಂತ ಲೆಕ್ಕ ಒಪ್ಪಿಸುತ್ತಾನೆ. ನೀತಿವಂತ ಅನ್ನಿಸಿಕೊಂಡು ಮನೆಗೆ ಹೋದವನು ಅವನಲ್ಲ, ಎದೆ ಬಡಿದುಕೊಂಡ ಸುಂಕದವನು. ಮತ್ತಾಯ 25ರಲ್ಲೂ ಬಲಗಡೆ ನಿಂತ ನೀತಿವಂತರು "ಸ್ವಾಮೀ, ಯಾವಾಗ?" ಅಂತಲೇ ಕೇಳುತ್ತಾರೆ, ಅವರ ಬಳಿ ಲೆಕ್ಕವೇ ಇಲ್ಲ. ನೀವು ಪ್ರೀತಿಗೆ ಹಾಳೆ ಮಾಡಿದರೆ ಹಳೆಯ ಫರಿಸಾಯನ ಜಾಗಕ್ಕೆ ಹೊಸ ಫರಿಸಾಯ ಬಂದು ನಿಲ್ಲುತ್ತಾನೆ.

ದಕ್ಷಿಣಸಭೆ_ಶಿವಮೊಗ್ಗ
ಓದುಗರ ಮಾತಿಗೆ ನಮ್ಮ ಪ್ರಾಟೆಸ್ಟೆಂಟ್ ಕಡೆಯಿಂದಲೂ ಬೆಂಬಲ ಇದೆ, ಸ್ವಲ್ಪ ತಿದ್ದುಪಡಿಯೊಂದಿಗೆ. ಎಫೆಸ 2:8-9ರ ಪ್ರಕಾರ ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನಮ್ಮ ಕೆಲಸದ ಕೂಲಿಯಾಗಿ ಅದು ಸಿಗುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿ ಪುಸ್ತಕ ಮಡಚುವವರು ಬಹಳ. ಮುಂದಿನ 10ನೇ ವಚನ ಒಳ್ಳೆಯ ಕೆಲಸಕ್ಕಾಗಿಯೇ ನಾವು ಉಂಟಾದವರು ಅನ್ನುತ್ತದೆ. ಗಲಾತ್ಯ 5:6ರಲ್ಲಿ ಬೆಲೆಯಿರುವುದು ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಗೆ. ಈ ವಿಷಯದಲ್ಲಿ ಲುಥೆರನ್ ಸಭೆಗಳೂ ಕಥೋಲಿಕ ಧರ್ಮಸಭೆಯೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು, ಮೆಥೊಡಿಸ್ಟರು 2006ರಲ್ಲಿ ಸೇರಿಕೊಂಡರು. ಇದು ಬೇರೆ ಬೇರೆ ಸಭೆಯವರು ಜಗಳವಾಡಬೇಕಾದ ವಿಷಯವಾಗಿ ಉಳಿದಿಲ್ಲ.

ನನ್ನ ಸಲಹೆ: ಹಾಳೆಯಲ್ಲಿ ಅಂಕ ಬೇಡ, ಹೌದು-ಇಲ್ಲ ಚೌಕ ಬೇಡ. ಚೌಕ ಕಂಡರೆ ಕೈ ತಾನಾಗಿ ಗುರುತು ಹಾಕುತ್ತದೆ. ಪ್ರಶ್ನೆ "ನಾನು" ಅಂತ ಶುರುವಾಗದೆ "ಯಾರು" ಅಂತ ಶುರುವಾಗಲಿ. ಈ ತಿಂಗಳು ನನ್ನಿಂದ ಹಣ ಬರಬೇಕಾದವರು ಯಾರು? ಯಾರ ಫೋನ್ ಬಂದಾಗ ಎತ್ತದೆ ಬಿಡುತ್ತೇನೆ? ಉತ್ತರದಲ್ಲಿ ಒಬ್ಬರ ಹೆಸರು ಬರಬೇಕು. ಅಂಕ ಬಂದರೆ ಹೆಮ್ಮೆ ಪಡಬಹುದು, ಹೆಸರು ಬಂದರೆ ಅವರ ಬಳಿಗೆ ಹೋಗಬೇಕಾಗುತ್ತದೆ.

ಕಾರ್ಮೆಲ್_ಓದು
"ಸಂಜೆಗೆ ನಿನ್ನನ್ನು ಪರೀಕ್ಷಿಸುವುದು ಪ್ರೀತಿಯಲ್ಲಿ" ಅಂದದ್ದು ಶಿಲುಬೆಯ ಸಂತ ಯೋಹಾನ (1542-1591). ಕಥೋಲಿಕ ಧರ್ಮಬೋಧೆಯ 1022ನೇ ಕ್ರಮಾಂಕದಲ್ಲೂ ಈ ಮಾತು ಇದೆ. ಅವರದ್ದೇ ಕಾರ್ಮೆಲ್ ಸನ್ಯಾಸಿ ಸಂಸ್ಥೆಯವರು ಅವರನ್ನು 1577ರ ಕೊನೆಯಲ್ಲಿ ಹಿಡಿದು ಟೊಲೆಡೊದಲ್ಲಿ ಒಂಬತ್ತು ತಿಂಗಳು ಕೂಡಿಹಾಕಿದ್ದರು. 1591ರಲ್ಲಿ ಮತ್ತೆ ಮೂಲೆಗುಂಪಾದಾಗ ಒಬ್ಬ ಸನ್ಯಾಸಿನಿಗೆ ಬರೆದ ಪತ್ರದಲ್ಲಿ, ಪ್ರೀತಿ ಇಲ್ಲದ ಕಡೆ ನೀನು ಪ್ರೀತಿ ಹಾಕು, ಆಗ ಪ್ರೀತಿ ಸಿಗುತ್ತದೆ ಎಂಬ ಅರ್ಥದ ಮಾತು ಇದೆ. ಅನುಕೂಲವಾಗಿ ಕೂತು ಬರೆದದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನೊಂದು, ಲಿಸಿಯೂದ ಸಂತ ತೆರೇಸಾ. ಮಠದಲ್ಲಿ ಒಬ್ಬ ಸಹೋದರಿಯ ನಡೆ, ಮಾತು, ಸ್ವಭಾವ ಯಾವುದೂ ಆಕೆಗೆ ಹಿಡಿಸುತ್ತಿರಲಿಲ್ಲ. ಆಕೆ ಮಾಡಿದ್ದು: ಕಂಡಾಗಲೆಲ್ಲ ಆ ಸಹೋದರಿಗಾಗಿ ಪ್ರಾರ್ಥನೆ, ಆಗುವ ಸಹಾಯ, ಕಟುವಾಗಿ ಉತ್ತರಿಸುವ ಮನಸ್ಸಾದಾಗ ಒಂದು ನಗು, ಅದೂ ಆಗದಿದ್ದರೆ ಅಲ್ಲಿಂದ ಎದ್ದುಹೋಗುವುದು. ಕೊನೆಗೆ ಆ ಸಹೋದರಿಯೇ "ನನ್ನಲ್ಲಿ ನಿನ್ನನ್ನು ಇಷ್ಟು ಸೆಳೆಯುವುದು ಏನು?" ಅಂತ ಕೇಳಿದಳು. ಮನಸ್ಸಿನಲ್ಲಿ ಪ್ರೀತಿ ಉಕ್ಕುವವರೆಗೆ ಕಾಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಪಾಠ ಬೇಡ. "ನಿಮಗೆ ಸುತರಾಂ ಹಿಡಿಸದ ಒಬ್ಬರು ಯಾರು? ಈ ವಾರ ಅವರಿಗೆ ಏನು ಮಾಡುತ್ತೀರಿ?" ಅನ್ನುವುದು ಹಾಳೆಯಲ್ಲಿ ಇರಲೇಬೇಕು.

ತೋಟದ_ಲೆಕ್ಕ
ಮಲೆನಾಡಿನ ಹಾಳೆ ಅಂದಮೇಲೆ ಕೂಲಿಯ ಪ್ರಶ್ನೆ ಇಲ್ಲದಿದ್ದರೆ ಅದು ಅರ್ಧ ಹಾಳೆ. ಯಾಜಕಕಾಂಡ 19:18 ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುತ್ತದೆ. ಅದಕ್ಕೆ ಐದೇ ವಚನ ಹಿಂದೆ, 19:13ರಲ್ಲಿ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತಿದೆ. ಪ್ರೀತಿಯ ಆಜ್ಞೆಯೂ ಕೂಲಿಯ ಆಜ್ಞೆಯೂ ಒಂದೇ ಪುಟದಲ್ಲಿವೆ. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ.

ತಪಸ್ಸುಕಾಲ ಬರುವ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂದು ಸುಲಿತದ ಲೆಕ್ಕ ಚುಕ್ತಾ ಆಗುವ ಸಮಯ. ಎಡವುವ ಜಾಗಗಳು ಇವು. ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ದುಡ್ಡು. ಅಳೆಯುವಾಗ ಡಬ್ಬವನ್ನು ಕುಲುಕಿ, ಕೈಯಲ್ಲಿ ಅದುಮಿ, ಮೇಲೆ ಗೋಪುರ ಮಾಡಿ ತುಂಬಿಸಿಕೊಂಡು ಒಂದೇ ಡಬ್ಬ ಅಂತ ಬರೆದರೆ ಹತ್ತು ಡಬ್ಬಕ್ಕೆ ಒಂದು ಡಬ್ಬದ ದುಡಿಮೆ ಹೋಗುವುದು ಕಷ್ಟವೇನಲ್ಲ. ಲೂಕ 6:38ರಲ್ಲಿ ಅದುಮಿ, ಕುಲುಕಿ, ಹೊರಚೆಲ್ಲುವ ಅಳತೆಯ ಮಾತು ಬರುತ್ತದೆ, ಅದು ಕೊಡುವಾಗಿನ ಅಳತೆ. ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆಯಲಾಗುತ್ತದೆ ಎಂಬ ಮಾತು ಅದರ ಬೆನ್ನಿಗೇ ಇದೆ. ಡಬ್ಬದ ಬಾಯಿಗೆ ಸರಿಯಾಗಿ ಒಂದು ಪಟ್ಟಿ ಎಳೆದು ಸಮ ಮಾಡಿ, ಸುಲಿದವರ ಎದುರೇ ಅಳೆಯಿರಿ, ಸಂಖ್ಯೆಯನ್ನು ಎರಡು ಚೀಟಿಯಲ್ಲಿ ಬರೆದು ಒಂದನ್ನು ಅವರಿಗೆ ಕೊಡಿ. ಮುಂಗಡ ಮುರಿದುಕೊಳ್ಳುವುದಿದ್ದರೆ ಎಷ್ಟು ಮುರಿದದ್ದು, ಎಷ್ಟು ಬಾಕಿ ಅಂತ ಆ ಚೀಟಿಯಲ್ಲೇ ಇರಲಿ. ದುಡ್ಡು ಸಂತೆಯ ಹಿಂದಿನ ಸಂಜೆಯೇ ಕೈಸೇರಬೇಕು. ಸಂತೆ ಮುಗಿದಮೇಲೆ ಕೊಟ್ಟರೆ ಅವರು ಆ ವಾರದ ಸಾಮಾನನ್ನು ಅಂಗಡಿಯಲ್ಲಿ ಸಾಲಕ್ಕೆ ತಂದಿರುತ್ತಾರೆ, ಹೆಚ್ಚಿನ ಬೆಲೆಗೆ.

ಇನ್ನು ಮರ ಹತ್ತುವ ಕೊನೆಗಾರರು. ಒದ್ದೆ ಮರಕ್ಕೆ ಹತ್ತಿಸಬೇಡಿ, ಕೊಳೆರೋಗದ ಔಷಧಿ ಹೊಡೆಸುವ ಅವಸರದಲ್ಲಿ ಮಳೆ ನಿಂತ ಹತ್ತೇ ನಿಮಿಷಕ್ಕೆ ಏರಿಸುವುದು ನಡೆಯುತ್ತದೆ. ಸಾಧ್ಯವಿದ್ದ ಕಡೆ ನೆಲದಲ್ಲಿ ನಿಂತೇ ಕೆಲಸ ಮಾಡುವ ಫೈಬರ್ ದೋಟಿ ಬಳಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ, 18ರಿಂದ 70 ವಯಸ್ಸಿನವರಿಗೆ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಹಾಗೆ ಅರ್ಜಿ ಕೊಡಬೇಕು. ಖಾತೆಯಲ್ಲಿ ಆ 20 ರೂಪಾಯಿ ಇರದಿದ್ದರೆ ವಿಮೆ ನವೀಕರಣ ಆಗುವುದಿಲ್ಲ. ಕಡಿತ ಮೇ ತಿಂಗಳ ಕೊನೆಗೆ, ಅಷ್ಟರಲ್ಲಿ ಖಾತೆ ನೋಡಿಸಿ.

ಗುರ್ಕಾರ್_ಸಾಗರ
ಡಬ್ಬದ ಪ್ರಶ್ನೆ ಹಾಗೇ ಹಾಕುತ್ತೇನೆ. ರೋಗಿಗಳ ಭೇಟಿ ಬಗ್ಗೆ ಯಾರಾದರೂ ಬರೆಯಿರಿ. ಈ ಭಾಗದಲ್ಲಿ ಮಂಗನ ಕಾಯಿಲೆ ಇದ್ದ ಮನೆಗೆ ಜನ ಕಾಲಿಡುವುದಿಲ್ಲ.

ದಾದಿ_ತೀರ್ಥಹಳ್ಳಿ
ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಉಣುಗು ಕಚ್ಚಿ ಬರುವ ಜ್ವರ ಇದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಪಕ್ಕ ಕೂತರೆ, ಕೈ ಹಿಡಿದರೆ, ಆ ಮನೆಯ ಲೋಟದಲ್ಲಿ ನೀರು ಕುಡಿದರೆ ಏನೂ ಆಗುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಹೆಚ್ಚು, ಅಂದರೆ ತಪಸ್ಸುಕಾಲ ಪೂರ್ತಿ ಅದರೊಳಗೇ ಬರುತ್ತದೆ. ಭೇಟಿಗೆ ಹೋಗುವವರಿಗೆ ಅಪಾಯ ಇರುವುದು ದಾರಿಯಲ್ಲಿ. ಕಾಡಂಚಿನ ಕಾಲುದಾರಿಯಲ್ಲಿ ಹೋದರೆ ಉದ್ದ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ದರಗಿನ (ಉದುರಿದ ಒಣಎಲೆಯ) ಮೇಲೆ ಕೂರಬೇಡಿ, ಮನೆಗೆ ಬಂದು ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಆ ಮನೆಗೆ ಬೇಕಾದದ್ದು ಹಣ್ಣಿನ ಬುಟ್ಟಿಗಿಂತ ಕೂಲಿ ನಿಂತದ್ದಕ್ಕೆ ದಾರಿ. ಜ್ವರ ಇಳಿದಮೇಲೂ ಸುಸ್ತು, ಮೈಕೈ ನೋವು ವಾರಗಟ್ಟಲೆ ಇರುತ್ತದೆ, ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ಹಾಗಾಗಿ ಮೊದಲ ವಾರ ಹತ್ತು ಜನ ಹೋಗಿ ಐದನೇ ವಾರ ಯಾರೂ ಹೋಗದಿದ್ದರೆ ಪ್ರಯೋಜನ ಕಡಿಮೆ. ಮನೆಯ ಇತರರು ಸೊಪ್ಪು, ದರಗು, ಸೌದೆಗೆ ಅದೇ ಕಾಡಿಗೆ ಹೋಗಬೇಕಾಗದ ಹಾಗೆ ಒಂದು ಗಾಡಿ ಸೌದೆ ಹಾಕಿಸಿದರೆ ಅದು ದೊಡ್ಡ ಉಪಕಾರ. ರಕ್ತಸ್ರಾವದ ಭಯ ಇರುವ ಕಾಯಿಲೆಯಾದ್ದರಿಂದ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಡಬೇಡಿ. ಒ.ಆರ್.ಎಸ್. ಪೊಟ್ಟಣ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು. ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂತ ಅಂದಾಜಿನಲ್ಲಿ ಹಾಕಿದರೆ ಉಪ್ಪಿನ ಅಳತೆ ಕೆಡುತ್ತದೆ.

ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋದಾಗ 15-20 ನಿಮಿಷ ಸಾಕು. ರೋಗಿಗಿಂತ ಮೊದಲು ನೋಡಿಕೊಳ್ಳುವವರನ್ನು ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯಿದ್ದರೆ ಆ ಮನೆಯ ಸೊಸೆಗೋ ಮಗಳಿಗೋ ರಾತ್ರಿ ನಿದ್ದೆ ಇರುವುದಿಲ್ಲ. "ನೀವು ಮಲಗಿ, ಮೂರು ಗಂಟೆ ನಾವು ಇರುತ್ತೇವೆ" ಅನ್ನಬೇಕು, ಹೇಳಿದ ದಿನ ಹೋಗಬೇಕು. ಮಗ್ಗುಲು ಬದಲಿಸುವಾಗ ಎಳೆಯಬೇಡಿ, ಕೆಳಗಿನ ಬಟ್ಟೆ ಹಿಡಿದು ಇಬ್ಬರು ಎತ್ತಿ. ಎಳೆದರೆ ಸೊಂಟ, ಹಿಮ್ಮಡಿಯ ಚರ್ಮ ಕಿತ್ತು ಹುಣ್ಣಾಗುತ್ತದೆ. ಒತ್ತಿದರೂ ಬಿಳಿಯಾಗದ ಕೆಂಪು ಕಲೆ ಕಂಡರೆ ಅದು ಹುಣ್ಣಿನ ಮೊದಲ ಗುರುತು, ಅದರ ಮೇಲೆ ತಿಕ್ಕಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಪ್ರಾರ್ಥನೆ ಮಾಡಲೇ ಅಂತ ಕೇಳಿ ಮಾಡಿ, ಚಿಕ್ಕದಾಗಿ ಮಾಡಿ. ನಿಮ್ಮ ನಂಬಿಕೆ ಕಡಿಮೆಯಾದ್ದರಿಂದ ಗುಣವಾಗಿಲ್ಲ ಅನ್ನುವ ಮಾತು ಯಾವ ಕಾರಣಕ್ಕೂ ಬೇಡ. ಅದು ರೋಗಿಯ ಎದೆಯ ಮೇಲೆ ಕಲ್ಲು ಹೇರಿದ ಹಾಗೆ.

ವಿನ್ಸೆಂಟ್_ಭದ್ರಾವತಿ
ಮನೆಭೇಟಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕ್ರಮ ಇದೆ, ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ 20 ವರ್ಷದ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಶುರುಮಾಡಿದರು. ನಿಮ್ಮ ಧರ್ಮ ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ಏನು ಮಾಡುತ್ತಿದೆ ಅನ್ನುವ ಸವಾಲಿಗೆ ಉತ್ತರವಾಗಿ ಹುಟ್ಟಿದ್ದು ಅದು. ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರೆಂಡು. ಭಾರತಕ್ಕೆ 1863ರಲ್ಲಿ ಬಂತು.

ಇಬ್ಬರು ಹೋಗಬೇಕು, ಒಬ್ಬರೇ ಬೇಡ, ಐದಾರು ಜನವೂ ಬೇಡ. ಹೆಣ್ಣುಮಕ್ಕಳು ಮಾತ್ರ ಇರುವ ಮನೆಯಾದರೆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಮೊದಲ ಭೇಟಿಗೆ ಗಂಟು ಹೊತ್ತುಕೊಂಡು ಹೋಗಬೇಡಿ. ಗಂಟು ಕಂಡಕೂಡಲೇ ಮಾತು ಅದರ ಸುತ್ತ ತಿರುಗುತ್ತದೆ. ಅವರ ಎದುರು ಪುಸ್ತಕ ತೆಗೆದು ಬರೆದುಕೊಳ್ಳಬೇಡಿ, ಹೊರಬಂದು ಬರೆಯಿರಿ. ಅನ್ನಭಾಗ್ಯದ ಅಕ್ಕಿ ಮನೆಯಲ್ಲಿರುತ್ತದೆ, ನಾವು ಮತ್ತೆ ಅಕ್ಕಿಯನ್ನೇ ಕೊಡುತ್ತೇವೆ. ಕೊರತೆ ಇರುವುದು ಬೇಳೆ, ಎಣ್ಣೆ, ಬಿ.ಪಿ. ಮಾತ್ರೆ, ಗ್ಯಾಸ್, ಬಸ್ ಚಾರ್ಜಿಗೆ. ಶಕ್ತಿ ಯೋಜನೆ ಇದ್ದರೂ ಖಾಸಗಿ ಬಸ್ಸು ಮಾತ್ರ ಓಡುವ ಮಲೆನಾಡಿನ ದಾರಿಗಳಲ್ಲಿ ಹೆಂಗಸರಿಗೂ ಟಿಕೆಟ್ ದುಡ್ಡು ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಿಬರುವ ಖರ್ಚೇ ಎಷ್ಟೋ ಮನೆಗೆ ಔಷಧಿ ನಿಲ್ಲಲು ಕಾರಣ.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವೆಯರಿಗೆ ಪಿಂಚಣಿ ಬರುತ್ತಿದೆಯಾ ಕೇಳಿ. ಬರುತ್ತಿದ್ದದ್ದು ನಿಂತಿದ್ದರೆ ಬಹುಪಾಲು ಆಧಾರ್ ಮತ್ತು ಬ್ಯಾಂಕ್ ಖಾತೆಯ ಜೋಡಣೆ ತಪ್ಪಿರುತ್ತದೆ, ಅಥವಾ ಎರಡು ಕಡೆ ಹೆಸರಿನ ಅಕ್ಷರ ಬೇರೆ ಇರುತ್ತದೆ. ಬ್ಯಾಂಕಿಗೊಮ್ಮೆ, ನಾಡಕಚೇರಿಗೊಮ್ಮೆ ಜೊತೆಗೆ ಹೋಗಿ ನಿಂತರೆ ಪ್ರತಿ ತಿಂಗಳು ದುಡ್ಡು ಬರುತ್ತದೆ. ಒಂದು ವರ್ಷ ಕಿಟ್ ಹಂಚಿದ್ದಕ್ಕಿಂತ ಇದು ಮೇಲು, ಫೋಟೋಕ್ಕೆ ಮಾತ್ರ ಚೆನ್ನಾಗಿ ಕಾಣುವುದಿಲ್ಲ. ಫೋಟೋ ತೆಗೆಯಲೇಬೇಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅಂತ ಮತ್ತಾಯ 6:3 ಸ್ಪಷ್ಟವಾಗಿದೆ. ನಮ್ಮ ಸಭೆಯಲ್ಲಿ ಪ್ರತಿ ಕೂಟದಲ್ಲೂ ಬಟ್ಟೆಯ ಗುಟ್ಟಿನ ಚೀಲ ಸುತ್ತುತ್ತದೆ. ಹಾಕಿದವರೆಷ್ಟು ಹಾಕಿದರು ಅಂತ ಪಕ್ಕದವರಿಗೂ ತಿಳಿಯುವುದಿಲ್ಲ.

ಕೊಡುವಾಗ ಪ್ರಾರ್ಥನೆಗೆ ಬನ್ನಿ ಅನ್ನುವ ಷರತ್ತು ಸೇರಿಸಬೇಡಿ, ಬಾಯಲ್ಲೂ ಬೇಡ, ಸೂಚನೆಯಲ್ಲೂ ಬೇಡ. ಯೇಸು ಹೇಳಿದ ಕಥೆಯಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಎತ್ತಿಕೊಂಡ ಸಮಾರ್ಯದವನು ಬಿದ್ದವನ ಜಾತಿ, ಮತ ಕೇಳಿಲ್ಲ.

ಹೊಸನಗರ_ಓದುಗ
ಸಮಾರ್ಯದವನ ಖರ್ಚು ಎರಡು ದಿನಾರಿ. ಮತ್ತಾಯ 20ರ ದ್ರಾಕ್ಷಿತೋಟದ ಲೆಕ್ಕದಲ್ಲಿ ದಿನಕ್ಕೆ ಒಂದು ದಿನಾರಿ ಕೂಲಿ. ಅಂದರೆ ಎರಡು ದಿನದ ಕೂಲಿ, ಜೊತೆಗೆ ಎಣ್ಣೆ, ದ್ರಾಕ್ಷಾರಸ, ತನ್ನ ಕತ್ತೆಯ ಮೇಲಿನ ಜಾಗ, ಒಂದು ರಾತ್ರಿಯ ಆರೈಕೆ, ಹೆಚ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಅನ್ನುವ ಮಾತು. ಅಳತೆ ಬೇಡ ಅಂದವನೇ ಅಳತೆ ಬರೆಯುತ್ತಿದ್ದೇನೆ, ಆದರೆ ಇದು ಬಿದ್ದವನಿಗೆ ಎಷ್ಟು ಬೇಕು ಅನ್ನುವ ಅಳತೆ. ಈ ಥರದ್ದಾದರೆ ಒಪ್ಪುತ್ತೇನೆ. ಘಾಟಿಯಲ್ಲಿ ಅಪಘಾತ ಕಂಡು ನಿಲ್ಲಿಸದೆ ಹೋಗುವವರು ಪೊಲೀಸ್, ಕೋರ್ಟ್ ಅಂತ ಹೆದರುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. 108ಕ್ಕೆ ಫೋನ್ ಮಾಡಿ ಅಲ್ಲೇ ನಿಲ್ಲಬಹುದು.

ವಕೀಲೆ_ಕೊಪ್ಪ
ಸೆರೆಯವರ ಬಗ್ಗೆ ಯಾರೂ ಬರೆದಿಲ್ಲ. ಮತ್ತಾಯ 25ರ ಆರು ಕೆಲಸಗಳಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಶಿವಮೊಗ್ಗದ ಕೇಂದ್ರ ಕಾರಾಗೃಹ ಸೋಗಾನೆಯಲ್ಲಿದೆ. ಗುಂಪಾಗಿ ಹೋಗುವುದಾದರೆ ಅಧೀಕ್ಷಕರಿಗೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು, ಗುರುತಿನ ಚೀಟಿ ಬೇಕು. ಆದರೆ ಹಾಡು, ಪ್ರಸಂಗಕ್ಕಿಂತ ಹೆಚ್ಚು ಬೇಕಾದ್ದು ಬೇರೆ. ಜಾಮೀನು ಮಂಜೂರಾಗಿಯೂ ಜಾಮೀನುದಾರ ಸಿಗದೆ ಒಳಗೇ ಉಳಿಯುವ ಬಡವರಿದ್ದಾರೆ. ಮೊದಲ ಸಲ ಅಪರಾಧದ ಆರೋಪ ಹೊತ್ತ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂನಡಿ ಬಿಡುಗಡೆ ಸಿಗಬಹುದು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಅದಿಲ್ಲ, ಬೇರೆ ಪ್ರಕರಣ ಬಾಕಿ ಇದ್ದರೂ ತೊಡಕು. ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಒಳಗಿರುವವನ ಹೆಂಡತಿ ಮಕ್ಕಳು ಊರಲ್ಲಿ ಹೇಗಿದ್ದಾರೆ ಅಂತ ಹೋಗಿ ನೋಡುವುದೂ ಸೆರೆಯ ಭೇಟಿಯೇ. ಅವರ ಮನೆಗೆ ಯಾರೂ ಹೋಗುವುದಿಲ್ಲ.

ಇನ್ನೊಂದು ಗಂಭೀರ ವಿಷಯ. ಹಾಳೆಯಲ್ಲಿ "ಕ್ಷಮಿಸಿದೆಯಾ?" ಅನ್ನುವ ಪ್ರಶ್ನೆ ಬರೆಯುವಾಗ ಹುಷಾರು. ಹೊಡೆತ ತಿನ್ನುವ ಹೆಂಡತಿ ಅದನ್ನು ಓದಿ, ಸಹಿಸದಿರುವುದೇ ತನ್ನ ಪಾಪ ಅಂದುಕೊಳ್ಳುತ್ತಾಳೆ. ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಅನ್ನುವ 1 ಕೊರಿಂಥ 13:7ನ್ನು ಅವಳ ಬಾಯಿ ಮುಚ್ಚಿಸಲು ಬಳಸುವುದನ್ನು ನಿಲ್ಲಿಸಬೇಕು. ಅದರ ಹಿಂದಿನ ವಚನವೇ ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ ಅನ್ನುತ್ತದೆ. ಹಾಳೆಯ ಕೆಳಗೆ ಹೆಂಗಸರ ಸಹಾಯವಾಣಿ 181 ಮತ್ತು ಮಕ್ಕಳಿಗಾಗಿ 1098 ಅಚ್ಚು ಮಾಡಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಊರಲ್ಲೇ ರಾಜಿ ಮಾಡಿಸುವುದು ಪ್ರೀತಿಯೂ ಅಲ್ಲ, ಕಾನೂನೂ ಅಲ್ಲ.

ತುಂಗೆಯ_ದಂಡೆ
ವಕೀಲೆಯವರ ಮಾತಿಗೆ ಸೇರಿಸುತ್ತೇನೆ. ರಾಜಿಗೆ ಸುವಾರ್ತೆಯಲ್ಲಿ ಕ್ರಮವಿದೆ. ಮತ್ತಾಯ 5:23-24ರಲ್ಲಿ ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಹೊರಡಬೇಕಾದವನು, ಯಾರ ಮೇಲೆ ಇನ್ನೊಬ್ಬರಿಗೆ ದೂರು ಇದೆಯೋ ಅವನು. ನೊಂದವರನ್ನು ಎಳೆದು ತರುವ ಮಾತೇ ಇಲ್ಲ. ಸುಂಕ ವಸೂಲಿಯ ಜಕ್ಕಾಯ ಲೂಕ 19:8ರಲ್ಲಿ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದು ನಾಲ್ಕು ಪಟ್ಟು ವಾಪಸ್ ಅಂದ. ಬೇಲಿ ಸರಿಸಿ ಎರಡು ಅಡಿ ಒತ್ತಿಕೊಂಡವರು, ತೋಟದ ಕಾಲುವೆ ನೀರು ತಿರುಗಿಸಿಕೊಂಡವರು ಮೊದಲು ಬೇಲಿ ಹಿಂದೆ ಹಾಕಿ, ನೀರು ಬಿಟ್ಟು, ಆಮೇಲೆ ಮಾತಿಗೆ ಹೋಗಲಿ. ಒಬ್ಬರೇ ಹೋಗಿ, ಒಂದೇ ವಿಷಯ ಮಾತಾಡಿ, ವಾಟ್ಸಾಪಿನಲ್ಲಿ ಕ್ಷಮೆ ಕೇಳಬೇಡಿ. "ತಪ್ಪಾಯಿತು, ಆದರೆ ನೀವೂ" ಅಂತ ಶುರುವಾದರೆ ಜಗಳ ಇನ್ನೊಂದು ವರ್ಷ ಬೆಳೆಯುತ್ತದೆ.

ಕಾರ್ಮೆಲ್_ಓದು
ಸಂತ ಅಗುಸ್ತೀನರ "ಪ್ರೀತಿಸು, ಆಮೇಲೆ ನಿನಗೆ ಬೇಕಾದ್ದು ಮಾಡು" ಹಾಕಬಹುದಾ ಅಂತ ಯಾರಾದರೂ ಕೇಳಬಹುದು. 1 ಯೋಹಾನನ ಪತ್ರದ ಮೇಲೆ ಸುಮಾರು 407ರಲ್ಲಿ ಕೊಟ್ಟ ಪ್ರವಚನದ ಮಾತು. ಅಪ್ಪ ಹೊಡೆಯುತ್ತಾನೆ, ಮಕ್ಕಳನ್ನು ಮಾರುವವನು ಮುದ್ದಿಸುತ್ತಾನೆ, ಆದ್ದರಿಂದ ಹೊರಗಿನ ಕೆಲಸ ಬಿಟ್ಟು ಬೇರನ್ನು ನೋಡು ಅಂತ ಅಲ್ಲಿಯ ವಾದ. ಆದರೆ ಸಭೆಯಿಂದ ಒಡೆದುಹೋದ ದೊನಾತಿಸ್ಟ್ ಪಂಗಡದವರ ಮೇಲೆ ಬಲಪ್ರಯೋಗವನ್ನು ಸಮರ್ಥಿಸುವ ದಾರಿಗೂ ಅದೇ ವಾದ ಹೋಯಿತು. ಹೊಡೆಯುವವರ ಕೈಗೆ ಸಿಕ್ಕರೆ ಅಪಾಯದ ಸಾಲು. ಹಾಳೆಯಲ್ಲಿ ಬೇಡ.

ದಕ್ಷಿಣಸಭೆ_ಶಿವಮೊಗ್ಗ
ಇಲ್ಲಿ ಒಪ್ಪುವುದಿಲ್ಲ. ಬೇರನ್ನು ಕೇಳದೆ ಬರೀ ಕೆಲಸ ಕೇಳಿದರೆ 1 ಕೊರಿಂಥ 13:3 ಬಿದ್ದುಹೋಗುತ್ತದೆ. ಇದ್ದದ್ದನ್ನೆಲ್ಲ ಹಂಚಿಯೂ ಪ್ರೀತಿ ಇಲ್ಲದಿರಬಹುದು ಅಂತ ಪೌಲನೇ ಹೇಳುತ್ತಾನೆ. ಯಾಕೆ ಕೊಟ್ಟೆ ಅನ್ನುವ ಒಂದು ಪ್ರಶ್ನೆ ಇರಲಿ.

ಕಾರ್ಮೆಲ್_ಓದು
ಇರಲಿ, ಆದರೆ ಕೊನೆಯಲ್ಲಿರಲಿ. ಮೊದಲೇ ಇಟ್ಟರೆ ಉದ್ದೇಶ ಶುದ್ಧವಾಗುವ ತನಕ ಯಾರೂ ಕೊಡಲು ಕೈ ಎತ್ತುವುದಿಲ್ಲ.

ಗುರ್ಕಾರ್_ಸಾಗರ
ಇಷ್ಟನ್ನೂ ಸೇರಿಸಿ ಒಂಬತ್ತು ಪ್ರಶ್ನೆಗೆ ಇಳಿಸುತ್ತಿದ್ದೇನೆ. ಭಾನುವಾರದ ಪೂಜೆಯ ಪ್ರಶ್ನೆಯನ್ನು ಉಳಿಸಿ, "ಬರಲಾಗದೆ ಮನೆಯಲ್ಲಿ ಉಳಿದವರು ಯಾರು, ಅವರನ್ನು ಕರೆತರುವ ಗಾಡಿ ಯಾರದು?" ಅಂತ ಅದಕ್ಕೆ ಜೋಡಿಸಿದೆ. ತುಂಬಿದ ಹಾಳೆಯನ್ನು ವಾಪಸ್ ಸಂಗ್ರಹಿಸಬೇಕಾ? ಮಕ್ಕಳಿಗೆ ಬೇರೆ ಮಾಡಬೇಕಾ?

ವಿನ್ಸೆಂಟ್_ಭದ್ರಾವತಿ
ಸಂಗ್ರಹಿಸಬೇಡಿ. ಅದರಲ್ಲಿ ಹೆಸರುಗಳಿರುತ್ತವೆ, ಸಾಲ ಬಾಕಿಯ ವಿವರವೂ ಇರುತ್ತದೆ, ವಾಳೆಯಲ್ಲಿ ಓಡಾಡಿದರೆ ಹೊಸ ಜಗಳ. ಪಾಪನಿವೇದನೆಗೆ ಹೋಗುವವರು ತಾವೇ ಒಯ್ಯಲಿ, ಆಮೇಲೆ ಹರಿದುಹಾಕಲಿ. ವಾಳೆಯ ಹಣದ ಲೆಕ್ಕವನ್ನು ಮಾತ್ರ ಬಹಿರಂಗ ಓದಿ: ಎಷ್ಟು ಬಂತು, ಎಷ್ಟು ಹೋಯಿತು, ಎರಡು ಸಹಿ. ಪಡೆದವರ ಹೆಸರು ಓದಬೇಡಿ. ಪೌಲ ಜೆರುಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಯಾರೂ ಬೆರಳು ತೋರಿಸದ ಹಾಗೆ ಬೇರೆಯವರನ್ನೂ ಜೊತೆಗೆ ಇಟ್ಟುಕೊಂಡದ್ದು 2 ಕೊರಿಂಥ 8ರಲ್ಲಿದೆ.

ದಾದಿ_ತೀರ್ಥಹಳ್ಳಿ
ಮಕ್ಕಳಿಗೆ ಎರಡು ಪ್ರಶ್ನೆ ಸಾಕು. ತರಗತಿಯಲ್ಲಿ ಯಾರ ಪಕ್ಕ ಯಾರೂ ಕೂರುವುದಿಲ್ಲ? ಮನೆಯಲ್ಲಿ ಯಾರು ಕೊನೆಗೆ ಊಟ ಮಾಡುತ್ತಾರೆ? ಎರಡಕ್ಕೂ ಅವರು ಸರಿಯಾದ ಹೆಸರೇ ಹೇಳುತ್ತಾರೆ. ದೊಡ್ಡವರ ಹಾಳೆಯ ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾಗದಿರಲಿ, ಹಿಂಬದಿ ಖಾಲಿ ಬಿಡಿ. ಓದಲು ಬಾರದವರ ಮನೆಗೆ ಯಾರು ಹೋಗಿ ಓದಿ ಹೇಳುತ್ತಾರೆ ಅಂತ ಹಂಚುವ ಮೊದಲೇ ನಿಗದಿ ಮಾಡಿ.

ಗುರ್ಕಾರ್_ಸಾಗರ
ನಾಲ್ಕು ಮನೆ ಹಾಗಿವೆ. ಯಾರು ಯಾವ ಮನೆಗೆ ಅಂತ ಈ ಶನಿವಾರದ ಕೂಟದಲ್ಲಿ ಹಂಚಿಕೊಳ್ಳುತ್ತೇವೆ. ಕರಡು ಭಾನುವಾರ ಇಲ್ಲೇ ಹಾಕುತ್ತೇನೆ, ತಿದ್ದಿ ಕೊಡಿ.